ತೂಕದ ಯಂತ್ರ ತೋರಿಸದ ಭಾರ

ಇವತ್ತು ರಾಜಕೀಯ ಇಲ್ಲ, ಕ್ರೈಂ ಇಲ್ಲ. ಇವತ್ತು ಊಟದ ವಿಷಯ. ಊಟ ಬಿಟ್ಟವಳೊಬ್ಬಳ ವಿಷಯ.

ನಮ್ಮೂರು ವಿಜಯಪುರ ಜಿಲ್ಲೆ ಬಬಲೇಶ್ವರ ತಾಲ್ಲೂಕಿನ ಮಮದಾಪುರ. ಆದಿಲ್‌ಶಾಹಿ ಕಾಲದ ದೊಡ್ಡ ಕೆರೆ ಇರೋ ಊರು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು, ಕೋಡ್ ಬರೆಯೋದು ಬಿಟ್ಟು ಸುದ್ದಿ ಓದೋಕೆ ಶುರು ಮಾಡಿದ ಮೇಲೆ ಊರಿಗೆ ಹೋಗೋದು ಕಡಿಮೆಯಾಗಿದೆ. ಆದರೆ ಎಳ್ಳಮಾವಾಸ್ಯೆ ತಪ್ಪಿಸಲ್ಲ. ಅವತ್ತು ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣೋದಿಲ್ಲ. ಹೊಲಕ್ಕೆ ಹೋಗಿ ಪೂಜೆ ಮಾಡಿ, ಚರಗ ಚೆಲ್ಲಿ, ನಿಂತ ಬಿಳಿಜೋಳದ ನಡುವೆ ಸಾಲಾಗಿ ಕೂತು ಉಣ್ಣೋದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಒಂದು ರೊಟ್ಟಿ ಮುಗಿಯೋದರೊಳಗೆ ಇನ್ನೊಂದು ತಾಟಿಗೆ ಬಿದ್ದಿರುತ್ತೆ.

ಕೆಲವು ವರ್ಷಗಳ ಹಿಂದಿನ ಎಳ್ಳಮಾವಾಸ್ಯೆ. ನನ್ನ ಚಿಗವ್ವನ ಮಗಳು ಪಕ್ಕದಲ್ಲಿ ಕೂತಿದ್ದಳು. ಮೂವತ್ತರ ಹತ್ತಿರದ ವಯಸ್ಸು, ಶಾಲೆಯಲ್ಲಿ ಟೀಚರ್. ಹೆಸರು ಹೇಳಲ್ಲ, ಅವಳನ್ನು ಕೇಳಿ, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿ ಹೇಳ್ತಿದ್ದೀನಿ. ಒಂದು ವರ್ಷದಲ್ಲಿ ಅರ್ಧ ಆಗಿದ್ದಳು. ನಾನು ಏನಂದೆ ಗೊತ್ತಾ? "ಏನವ್ವಾ, ಭಾಳ ಚಂದ ಕಾಣಾಕತ್ತಿ! ಏನ್ ಮಾಡ್ತಿ, ನನಗೂ ಹೇಳಿಕೊಡು" ಅಂದೆ. ಸುತ್ತ ಇದ್ದ ಹೆಣ್ಣುಮಕ್ಕಳೆಲ್ಲ ಹೌದು ಹೌದು ಅಂದರು. ಒಟ್ಟಿಗೆ ಫೋಟೋ ತಗೊಂಡ್ವಿ. ಅವಳ ತಾಟಿನಲ್ಲಿ ಅರ್ಧ ರೊಟ್ಟಿ ಇತ್ತು. ಅದನ್ನೇ ಚೂರು ಚೂರು ಮಾಡಿ, ಪಲ್ಯದಲ್ಲಿ ಅದ್ದಿ, ಅತ್ತಿಂದಿತ್ತ ಸರಿಸ್ತಿದ್ದಳು. ಬಾಯಿಗೆ ಹೋಗಿದ್ದನ್ನು ನಾನು ನೋಡಲಿಲ್ಲ. ನೋಡಬೇಕು ಅಂತಲೂ ಅನಿಸಲಿಲ್ಲ.

ಅದಾಗಿ ಕೆಲವು ತಿಂಗಳಿಗೆ, ರಾತ್ರಿ ಬುಲೆಟಿನ್ ಮುಗಿಸಿ ಮನೆಗೆ ಬಂದಾಗ ಅವಳ ಫೋನ್. "ಅಕ್ಕಾ, ನಾ ಎಲ್ಲಾರಿಗೂ ಭಾರ ಆಗೀನಿ. ನಾ ಇರಲಿಲ್ಲಂದ್ರ ಎಲ್ಲಾರಿಗೂ ಹಗುರ ಆಗತದ."

ನಾನು ನಕ್ಕೆ. "ಇನ್ನೇನ್ ಭಾರ, ಗಾಳಿ ಬಂದ್ರ ಹಾರಿ ಹೋಗೂ ಹಂಗ ಆಗೀದಿ" ಅಂದೆ. ಅವಳು ಫೋನ್ ಇಟ್ಟಳು.

ಹತ್ತು ನಿಮಿಷ ಬೇಕಾಯ್ತು ವೀಕ್ಷಕರೇ, ಮಾತನ್ನೇ ಕಸುಬು ಮಾಡಿಕೊಂಡ ನನಗೆ, ಅವಳು ಹೇಳಿದ ಭಾರ ಕಿಲೋ ಲೆಕ್ಕದ್ದಲ್ಲ ಅಂತ ತಿಳಿಯೋಕೆ. ಮತ್ತೆ ಫೋನ್ ಮಾಡಿದೆ. ನೇರವಾಗಿ ಕೇಳಿದೆ: "ಸಾಯಬೇಕು ಅಂತ ಅನಸಾಕತ್ತದೇನು?" ಬಹಳ ಹೊತ್ತು ಸುಮ್ಮನಿದ್ದು "ಹೂಂ" ಅಂದಳು. ಆ ಲೈನ್ ಕಟ್ ಮಾಡದೆ, ಮನೆಯ ಇನ್ನೊಂದು ಫೋನಿನಿಂದ ಚಿಗವ್ವನನ್ನು ಎಬ್ಬಿಸಿ, ಅವಳ ಪಕ್ಕದಲ್ಲಿ ಕೂರಿಸಿ, ಬೆಳಗಾಗೋವರೆಗೂ ಮಾತಾಡಿದ್ವಿ. ಮರುದಿನ ವೈದ್ಯರ ಹತ್ತಿರ ಕರಕೊಂಡು ಹೋದರು. ಇವತ್ತು ಅವಳು ಇದ್ದಾಳೆ. ಅದಕ್ಕೇ ಈ ಮಾತು ಆಡೋಕೆ ಆಗ್ತಿದೆ.

ಇದು ಹಟ ಅಲ್ಲ, ಕಾಯಿಲೆ

ಮೊದಲು ಕಾಯಿಲೆಯ ಹೆಸರು. ವೈದ್ಯರು ಇದನ್ನು ಈಟಿಂಗ್ ಡಿಸಾರ್ಡರ್ ಅಂತಾರೆ. ಊಟದ ಜೊತೆಗಿನ ಸಂಬಂಧವೇ ಕೆಡೋ ಮನೋರೋಗ ಅಂದುಕೊಳ್ಳಿ. ಮುಖ್ಯವಾಗಿ ಮೂರು ಬಗೆ. ಊಟ ಕಡಿಮೆ ಮಾಡುತ್ತಾ ಹೋಗಿ ಅಪಾಯದ ಮಟ್ಟಕ್ಕೆ ಸೊರಗಿದರೂ ದಪ್ಪ ಇದ್ದೀನಿ ಅನಿಸೋದು ಅನೊರೆಕ್ಸಿಯಾ. ಒಮ್ಮೆಲೇ ಹಿಡಿತ ತಪ್ಪಿ ತಿಂದು, ಆಮೇಲೆ ವಾಂತಿ, ಉಪವಾಸ, ಅತಿಯಾದ ವ್ಯಾಯಾಮದಿಂದ ಅದನ್ನು ತೊಡೆದುಹಾಕೋಕೆ ನೋಡೋದು ಬುಲಿಮಿಯಾ. ಹಿಡಿತ ತಪ್ಪಿ ತಿಂದು, ಒಬ್ಬರೇ ಕೂತು ನಾಚಿಕೆಯಲ್ಲಿ ಬೇಯೋದು ಬಿಂಜ್ ಈಟಿಂಗ್.

ಇದು ಇನ್‌ಸ್ಟಾಗ್ರಾಂ ಕಾಲದ ಶೋಕಿ ರೋಗ ಅಲ್ಲ. 1873ರಲ್ಲೇ ಲಂಡನ್ನಿನ ವಿಲಿಯಂ ಗಲ್, ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಅನ್ನೋ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಅನೊರೆಕ್ಸಿಯಾ ಬಗ್ಗೆ ಹೇಳಿದ್ದರು. ಬುಲಿಮಿಯಾಗೆ 1979ರಲ್ಲಿ ಜೆರಾಲ್ಡ್ ರಸೆಲ್ ಹೆಸರು ಕೊಟ್ಟರು. ಬ್ರಿಟನ್ನಿನ ರಾಜಕುಮಾರಿ ಡಯಾನಾ 1995ರ ಬಿಬಿಸಿ ಸಂದರ್ಶನದಲ್ಲಿ ತನಗೆ ವರ್ಷಗಟ್ಟಲೆ ಬುಲಿಮಿಯಾ ಇತ್ತು ಅಂತ ಬಾಯಿಬಿಟ್ಟು ಹೇಳಿದರು. ಅರಮನೆಯಲ್ಲಿ ಊಟಕ್ಕೇನು ಕೊರತೆ ಇತ್ತಾ? ಇರಲಿಲ್ಲ. ಕೊರತೆ ಇದ್ದದ್ದು ಬೇರೆ ಕಡೆ.

ಇನ್ನೊಂದು ಮಾತು. ಇದು ಬರೀ ಹುಡುಗಿಯರ, ಹದಿಹರೆಯದವರ ಕಾಯಿಲೆ ಅಲ್ಲ. ಮದುವೆಯಾದವರಲ್ಲಿ, ಹೆರಿಗೆಯಾದವರಲ್ಲಿ, ನಲವತ್ತು ದಾಟಿದವರಲ್ಲೂ ಇದೆ. ಜಿಮ್ಮಿಗೆ ಹೋಗಿ ಕಲ್ಲಿನಂಥ ದೇಹ ಮಾಡಿಕೊಂಡರೂ ಕನ್ನಡಿ ಮುಂದೆ "ನಾನಿನ್ನೂ ಕಡ್ಡಿ" ಅಂತ ಕೊರಗೋ ಗಂಡುಮಕ್ಕಳೂ ಇದೇ ದಾರಿಯಲ್ಲಿ ಇರಬಹುದು.

ಕೆಟ್ಟುಹೋದ ಸೆನ್ಸರ್

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಆ ಭಾಷೆಯಲ್ಲೇ ಹೇಳ್ತೀನಿ. ಯಾವ ಯಂತ್ರಕ್ಕೂ ಒಂದು ಸೆನ್ಸರ್ ಇರುತ್ತೆ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ಸೆನ್ಸರ್ ಹೇಳುತ್ತೆ, ಅದನ್ನು ನಂಬಿ ಮೋಟಾರು ಓಡುತ್ತೆ ಇಲ್ಲವೇ ನಿಲ್ಲುತ್ತೆ. ಸೆನ್ಸರ್ ಕೆಟ್ಟು, ಖಾಲಿ ಟ್ಯಾಂಕನ್ನು ತುಂಬಿದೆ ಅಂದರೆ? ಮೋಟಾರು ನಿಂತೇ ಇರುತ್ತೆ, ಮನೆಯ ನಲ್ಲಿ ಒಣಗುತ್ತೆ. ಮೋಟಾರನ್ನು ಬೈದು ಏನು ಉಪಯೋಗ? ಅದು ತನಗೆ ಬಂದ ಮಾಹಿತಿಯನ್ನು ನಂಬಿದೆ, ಅಷ್ಟೇ.

ನನ್ನ ತಂಗಿಯ ಕನ್ನಡಿ ಹೀಗೇ ಕೆಟ್ಟಿತ್ತು. ನಾವು ನೋಡಿದ್ದು ಮೂಳೆ, ಅವಳು ನೋಡಿದ್ದು ಕೊಬ್ಬು. ಆದರೆ ಕೆಟ್ಟದ್ದು ಕಣ್ಣಿನ ಲೆಕ್ಕ ಮಾತ್ರ ಅಲ್ಲ. ಒಳಗೆ ಇನ್ನೊಂದು ಕನ್ನಡಿ ಇದೆ. ನಾನು ಎಂಥವಳು, ನನ್ನ ಬೆಲೆ ಎಷ್ಟು, ತಪ್ಪಾದಾಗ ನನ್ನ ಜೊತೆ ನಾನೇ ಹೇಗೆ ಮಾತಾಡ್ತೀನಿ, ಇದನ್ನು ತೋರಿಸೋ ಕನ್ನಡಿ. ಸ್ವಬಿಂಬ ಅಂತ ಕರೀರಿ. ಸ್ವೀಡನ್‌ನಲ್ಲಿ ಇಂಥ ರೋಗಿಗಳ ರಾಷ್ಟ್ರೀಯ ನೋಂದಣಿ ವ್ಯವಸ್ಥೆ ಇದೆ. ಅದರ ಮಾಹಿತಿ ಇಟ್ಟುಕೊಂಡು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಒಳಗಿನ ಕನ್ನಡಿಯನ್ನೇ ನೋಡಿತು. ಹಿಂದೆ ಆತ್ಮಹತ್ಯೆಗೆ ಯತ್ನಿಸಿದ್ದವರ ಸ್ವಬಿಂಬ, ಯತ್ನಿಸದವರಿಗಿಂತ ಹೆಚ್ಚು ಕೆಟ್ಟಿತ್ತು. ಅಂದರೆ, ವೈದ್ಯರು ಬರೀ ತೂಕ ನೋಡಿದರೆ ಸಾಲದು, ಮನೆಯವರು ಬರೀ ತಾಟು ನೋಡಿದರೆ ಸಾಲದು. ಆ ಮನುಷ್ಯ ತನ್ನನ್ನು ತಾನು ಎಷ್ಟು ದ್ವೇಷಿಸ್ತಿದ್ದಾನೆ, ಎಷ್ಟು ಬೈದುಕೊಳ್ತಿದ್ದಾಳೆ ಅನ್ನೋದನ್ನೂ ಕೇಳಬೇಕು.

ಎಷ್ಟು ಅಪಾಯ? 2011ರಲ್ಲಿ ಜಾನ್ ಆರ್ಸೆಲಸ್ ಮತ್ತು ಸಂಗಡಿಗರು 36 ಅಧ್ಯಯನಗಳನ್ನು ಒಟ್ಟುಗೂಡಿಸಿ, 17 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ನೋಡಿದರು. ಅನೊರೆಕ್ಸಿಯಾ ಇದ್ದು ತೀರಿಕೊಂಡ ಪ್ರತಿ ಐವರಲ್ಲಿ ಒಬ್ಬರ ಸಾವು ಆತ್ಮಹತ್ಯೆ. ಉಪವಾಸದಿಂದ ಹೃದಯ ಸೋತು ಸಾಯ್ತಾರೆ ಅಂತಷ್ಟೇ ನಾವು ತಿಳ್ಕೊಂಡಿರ್ತೀವಿ. ಐದರಲ್ಲೊಂದು ಸಾವಿಗೆ ಕಾರಣ ಮನಸ್ಸು ಸೋತದ್ದು. ಬುಲಿಮಿಯಾ ಇರೋರು ನೋಡೋಕೆ ನಮ್ಮ ನಿಮ್ಮ ಹಾಗೇ ಇರ್ತಾರೆ. ಅವರಲ್ಲೂ ಆತ್ಮಹತ್ಯೆಯ ಯತ್ನಗಳು ಕಡಿಮೆ ಅಲ್ಲ. ಹಾಗಾಗಿ "ಅವಳೇನು ಸೊರಗಿಲ್ಲವಲ್ಲ" ಅನ್ನೋದು ಸಮಾಧಾನದ ಮಾತಲ್ಲ.

ಊಟ ಬಿಟ್ಟರೆ ಮನಸ್ಸು ಯಾಕೆ ಹೀಗಾಗುತ್ತೆ?

ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧಕ್ಕೆ ಹೋಗಲು ಒಪ್ಪದ 36 ಯುವಕರು, ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿ ಇದ್ದವರು, ತಾವಾಗಿಯೇ ಮುಂದೆ ಬಂದರು. 24 ವಾರ ಅರೆಹೊಟ್ಟೆ. ದೇಹದ ತೂಕ ಸುಮಾರು ಕಾಲುಭಾಗ ಇಳಿಯಿತು. ಆಮೇಲೆ ನಡೆದದ್ದು ನೋಡಿ. ಅವರು ರಾತ್ರಿ ಹಗಲು ಊಟದ ಬಗ್ಗೆಯೇ ಯೋಚಿಸೋಕೆ ಶುರು ಮಾಡಿದರು. ಅಡುಗೆ ಪುಸ್ತಕ ಓದಿದರು. ತುತ್ತನ್ನು ಗಂಟೆಗಟ್ಟಲೆ ಎಳೆದು ತಿಂದರು. ಗೆಳೆಯರಿಂದ ದೂರ ಸರಿದರು. ಸಿಡುಕು, ಖಿನ್ನತೆ ಹತ್ತಿತು. ಕೆಲವರ ಮನಸ್ಸು ಅಪಾಯದ ಮಟ್ಟಕ್ಕೆ ಕುಸಿಯಿತು. ಅವರಿಗೆ ಮೊದಲು ಯಾವ ಮನೋರೋಗವೂ ಇರಲಿಲ್ಲ. ಹಸಿವೊಂದೇ ಸಾಕಾಯ್ತು.

ಈಗ ಚಕ್ರ ಗೊತ್ತಾಯ್ತಲ್ಲ? ನನ್ನ ಬೆಲೆ ಕಡಿಮೆ ಅನಿಸುತ್ತೆ, ಊಟ ಬಿಡ್ತಾರೆ. ಊಟ ಬಿಟ್ಟರೆ ಮಿದುಳಿಗೆ ಬೇಕಾದದ್ದು ಸಿಗಲ್ಲ, ಮನಸ್ಸು ಇನ್ನಷ್ಟು ಕುಸಿಯುತ್ತೆ. ಕುಸಿದ ಮನಸ್ಸು ಬೆಲೆಯನ್ನು ಇನ್ನೂ ಕಡಿಮೆ ಮಾಡಿ ತೋರಿಸುತ್ತೆ. ಮೈಕಿನ ಸದ್ದು ಸ್ಪೀಕರಿಗೆ ಹೋಗಿ, ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಬಂದು ಜಾತ್ರೆಯಲ್ಲಿ ಕಿರ್ ಅಂತ ಕಿವಿ ಸೀಳುತ್ತಲ್ಲ, ಅದೇ ಥರ.

ಇದಕ್ಕೆ ಅಮೆರಿಕದ ಮನೋವಿಜ್ಞಾನಿ ಥಾಮಸ್ ಜಾಯ್ನರ್ 2005ರಲ್ಲಿ ಮಂಡಿಸಿದ ಸಿದ್ಧಾಂತ ಸೇರಿಸಿ ನೋಡಿ. ಮನುಷ್ಯ ಜೀವದ ಅಂಚಿಗೆ ಹೋಗೋದು ಮೂರು ಸಂಗತಿ ಸೇರಿದಾಗ ಅಂತಾರೆ ಅವರು. ಒಂದು, ನಾನು ಯಾರಿಗೂ ಸೇರಿದವಳಲ್ಲ ಅನ್ನೋ ಒಂಟಿತನ. ಎರಡು, ನಾನು ಎಲ್ಲರಿಗೂ ಭಾರ ಅನ್ನೋ ನಂಬಿಕೆ. ಮೂರು, ನೋವಿನ ಹೆದರಿಕೆ ಕಳಕೊಳ್ಳೋದು. ಈ ಕಾಯಿಲೆ ಮೂರನ್ನೂ ಕೊಡುತ್ತೆ. ಎಲ್ಲರ ಜೊತೆ ಕೂತು ಉಣ್ಣೋದು ತಪ್ಪುತ್ತೆ. ನಮ್ಮಲ್ಲಿ ಊಟವೇ ನಂಟು, ಹಾಗಾಗಿ ನಂಟೇ ತಪ್ಪಿದಂತೆ. ಮನೆಯವರು ಬೈದು, ಅತ್ತು, ಆಸ್ಪತ್ರೆ ಸುತ್ತಿ ಸುಸ್ತಾಗ್ತಾರೆ. ಅದನ್ನು ನೋಡಿ ಭಾರ ಅನಿಸುತ್ತೆ. ವರ್ಷಗಟ್ಟಲೆ ಹಸಿವನ್ನು ಅದುಮಿದ ದೇಹ ನೋವಿಗೆ ಒಗ್ಗಿಕೊಳ್ಳುತ್ತೆ.

"ನಾ ಎಲ್ಲಾರಿಗೂ ಭಾರ ಆಗೀನಿ." ಆ ರಾತ್ರಿ ನನ್ನ ತಂಗಿ ಯಾವ ಪುಸ್ತಕವನ್ನೂ ಓದದೇ ಹೇಳಿದ್ದು ಇದನ್ನೇ. ನೆನಪಿಡಿ, ಅದು ಅವಳ ನಂಬಿಕೆ, ನಿಜ ಅಲ್ಲ. ಕೆಟ್ಟ ಸೆನ್ಸರ್ ಕೊಟ್ಟ ರೀಡಿಂಗ್ ಅದು.

ನಮ್ಮಲ್ಲಿ ಯಾಕೆ ಕಾಣಲ್ಲ?

ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ತಮ್ಮ ವೃತ್ತಿಯಲ್ಲಿ ಒಬ್ಬರಾದರೂ ಇಂಥ ರೋಗಿಯನ್ನು ನೋಡಿದ್ದರು. ಹಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಯಾಕೆ ಸುದ್ದಿಯೇ ಇಲ್ಲ?

ಕಾರಣ ಸುಲಭ. ನಮ್ಮಲ್ಲಿ ಈ ಕಾಯಿಲೆ ವೇಷ ಹಾಕಿಕೊಂಡು ಬರುತ್ತೆ. "ದಪ್ಪ ಆಗ್ತೀನಿ ಅಂತ ಹೆದರಿಕೆ" ಅಂತ ಬಾಯಿಬಿಟ್ಟು ಹೇಳೋರು ಕಡಿಮೆ. "ಹೊಟ್ಟಿ ಉಬ್ಬರಿಸ್ಯಾದ", "ಹಸಿವಿಲ್ಲ", "ಗ್ಯಾಸ್ ಆಗ್ಯಾದ" ಅಂತಾರೆ. ಏಷ್ಯಾದ ಹಲವು ಕಡೆ ವೈದ್ಯರು ಇದನ್ನು ಗುರುತಿಸಿದ್ದಾರೆ. ಹೊಟ್ಟೆ ಡಾಕ್ಟರ ಹತ್ತಿರ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಆಗುತ್ತೆ, ಮನೋವೈದ್ಯರ ಬಾಗಿಲಿಗೆ ಹೋಗೋದೇ ಇಲ್ಲ. ಇನ್ನೊಂದು ವೇಷ ಉಪವಾಸ. ನನ್ನ ತಂಗಿ ಸೋಮವಾರ ಹಿಡಿದಳು, ಗುರುವಾರ ಹಿಡಿದಳು, ಶ್ರಾವಣ ಪೂರ್ತಿ ಹಿಡಿದಳು, ಶ್ರಾವಣ ಮುಗಿದರೂ ಬಿಡಲಿಲ್ಲ. "ಎಷ್ಟು ಭಕ್ತಿ ನೋಡ್ರಿ" ಅಂದರು. ವ್ರತಕ್ಕೆ ಒಂದು ದಿನ ಇದೆ, ಪಾರಣೆ ಇದೆ, ಮುಗಿದಾಗ ಉಂಡ ಖುಷಿ ಇದೆ. ಕಾಯಿಲೆಗೆ ಪಾರಣೆ ಇರಲ್ಲ. ವ್ಯತ್ಯಾಸ ಅಲ್ಲಿದೆ.

ಲೆಕ್ಕದಲ್ಲೂ ಕಾಣಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕಾರಣದ ಪಟ್ಟಿಯಲ್ಲಿ ಕೌಟುಂಬಿಕ ಸಮಸ್ಯೆ ಇದೆ, ಅನಾರೋಗ್ಯ ಇದೆ, ಸಾಲ ಇದೆ. ಊಟದ ಕಾಯಿಲೆಗೆ ಅಲ್ಲಿ ಬೇರೆ ಕಾಲಂ ಇಲ್ಲ. ಅಂಥ ಸಾವು "ಹೊಟ್ಟೆನೋವು ತಾಳಲಾರದೆ" ಅನ್ನೋ ಒಂದು ಸಾಲಿನಲ್ಲಿ ಮುಗಿದುಹೋಗಬಹುದು. ಆ ಸಾಲನ್ನು ನಾನೇ ಎಷ್ಟು ಸಲ ಓದಿದ್ದೀನೋ.

ನಮ್ಮ ಪಾಲೂ ಇದೆ

ಇಲ್ಲಿ ಒಂದು ಕಹಿ ಮಾತು. ಫಿಜಿ ದ್ವೀಪದ ನಡ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಅಲ್ಲಿ ಮೈತುಂಬಿ ಇರೋದೇ ಚಂದ, ಚೆನ್ನಾಗಿ ಉಣ್ಣೋದೇ ಮರ್ಯಾದೆ. ಹಾರ್ವರ್ಡ್‌ನ ಆನ್ ಬೆಕರ್ ಟಿವಿ ಬಂದ ಹೊಸತರಲ್ಲಿ ಒಮ್ಮೆ, ಮೂರು ವರ್ಷದ ನಂತರ ಒಮ್ಮೆ ಅಲ್ಲಿನ ಹೈಸ್ಕೂಲ್ ಹುಡುಗಿಯರನ್ನು ಕೇಳಿದರು. ತೂಕಕ್ಕಾಗಿ ವಾಂತಿ ಮಾಡಿಕೊಳ್ಳೋರು 1995ರಲ್ಲಿ ಒಬ್ಬರೂ ಇರಲಿಲ್ಲ. 1998ರಲ್ಲಿ ಶೇ. 11.3. ಸಣ್ಣ ಅಧ್ಯಯನ, ಎರಡು ಸಲ ಕೇಳಿದ್ದು ಬೇರೆ ಬೇರೆ ಹುಡುಗಿಯರನ್ನು, ಎಲ್ಲ ತಪ್ಪೂ ಟಿವಿಯದೇ ಅನ್ನೋಕಾಗಲ್ಲ. ಆದರೂ ಟಿವಿಯಲ್ಲಿ ಕೂತಿರೋ ನನಗೆ ಆ ಅಂಕಿ ಮರೆಯೋಕಾಗಲ್ಲ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯೋ ಶಸ್ತ್ರಚಿಕಿತ್ಸೆಯ ನಂತರ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಅವರಿಗೆ ಇಂಥ ಕಾಯಿಲೆ ಇತ್ತು ಅಂತ ನಾನು ಹೇಳ್ತಿಲ್ಲ. ತೆರೆ ಮೇಲೆ ಬರೋ ಹೆಣ್ಣಿನ ದೇಹದಿಂದ ನಾವು ಏನು ಕೇಳ್ತೀವಿ ಅನ್ನೋದನ್ನು ಹೇಳ್ತಿದ್ದೀನಿ. ಆ ವಾರ ಎಲ್ಲ ಚಾನೆಲ್‌ಗಳಲ್ಲೂ ಚರ್ಚೆ. ಮುಂದಿನ ವಾರದಿಂದ ಮತ್ತೆ "ಹೊಟ್ಟೆ ಕರಗಿಸೋಕೆ ಏಳು ಸೂತ್ರ". ನಾನೂ ಅಂಥ ಕಾರ್ಯಕ್ರಮ ನಡೆಸಿದ್ದೀನಿ. ವೃತ್ತಿಯ ಮೊದಲ ದಿನಗಳಲ್ಲಿ "ಕ್ಯಾಮೆರಾದಲ್ಲಿ ಕೆನ್ನೆ ದಪ್ಪ ಕಾಣುತ್ತೆ" ಅಂತ ಒಬ್ಬರು ಹೇಳಿದ್ದಕ್ಕೆ ತಿಂಗಳುಗಟ್ಟಲೆ ರಾತ್ರಿ ಊಟ ಬಿಟ್ಟಿದ್ದೀನಿ. ಗೊತ್ತಿದ್ದೂ, ಎಳ್ಳಮಾವಾಸ್ಯೆ ದಿನ ತಂಗಿಗೆ "ಚಂದ ಕಾಣಾಕತ್ತಿ" ಅಂದವಳು ನಾನೇ.

ನೀವು ಏನು ಮಾಡಬಹುದು?

ಮನೆಯಲ್ಲಿ ಯಾರಾದರೂ ಎಲ್ಲರ ಜೊತೆ ಉಣ್ಣೋದನ್ನು ತಪ್ಪಿಸ್ತಿದ್ದರೆ, ಊಟ ಆದ ತಕ್ಷಣ ಬಚ್ಚಲಿಗೆ ಹೋಗ್ತಿದ್ದರೆ, ದಿನಕ್ಕೆ ಹತ್ತು ಸಲ ತೂಕ ನೋಡಿಕೊಳ್ತಿದ್ದರೆ, ಮುಟ್ಟು ನಿಂತಿದ್ದರೆ, ತಲೆ ಸುತ್ತಿ ಬೀಳ್ತಿದ್ದರೆ ವೈದ್ಯರ ಹತ್ತಿರ ಕರಕೊಂಡು ಹೋಗಿ. "ನಾನು ಭಾರ", "ನಾನಿಲ್ಲದಿದ್ದರೆ ಒಳ್ಳೇದು" ಅನ್ನೋ ಮಾತು ಬಂದರೆ ನಾಳೆಗೆ ಬಿಡಬೇಡಿ.

ಕೇಳೋಕೆ ಹೆದರಬೇಡಿ. ಸಾಯೋ ಯೋಚನೆ ಬರ್ತಿದೆಯಾ ಅಂತ ಕೇಳಿದರೆ ಇಲ್ಲದ ಯೋಚನೆ ಬರುತ್ತೆ ಅನ್ನೋದು ತಪ್ಪು ಕಲ್ಪನೆ. ಕೇಳಿದರೆ ಅವರಿಗೆ ಹೇಳಿಕೊಳ್ಳೋಕೆ ಒಂದು ಬಾಗಿಲು ಸಿಗುತ್ತೆ. ಬುದ್ಧಿ ಹೇಳಬೇಡಿ, "ಉಣ್ಣೋಕೇನು ರೋಗ" ಅನ್ನಬೇಡಿ. ಕೇಳಿಸಿಕೊಳ್ಳಿ. ಒಂಟಿಯಾಗಿ ಬಿಡಬೇಡಿ.

14416. ಇದು ಟೆಲಿ ಮಾನಸ್ ನಂಬರ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ತುರ್ತು ಇದ್ದರೆ 108 ಅಥವಾ 112. ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅದಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿಯಲ್ಲೇ ನಿಮ್ಹಾನ್ಸ್ ನಡೆಸಿದ ಪ್ರಯೋಗ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ದೂರ ಹೋಗಬಲ್ಲವರಿಗೆ ಬೆಂಗಳೂರಿನ ನಿಮ್ಹಾನ್ಸ್. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಅಂತಲೇ ಭಾವಿಸಬೇಕು, ಆರೈಕೆ ಕೊಡೋದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೇ 309ನೇ ಕಲಂ ಇಲ್ಲವೇ ಇಲ್ಲ.

ವಾಸಿ ಆಗುತ್ತಾ? ಆಗುತ್ತೆ. ಸಮಯ ಹಿಡಿಯುತ್ತೆ. ಅಮೆರಿಕದ ಬಾಸ್ಟನ್ ಭಾಗದಲ್ಲಿ ಅನೊರೆಕ್ಸಿಯಾ, ಬುಲಿಮಿಯಾ ಇದ್ದ ಮಹಿಳೆಯರನ್ನು 22 ವರ್ಷದ ನಂತರ ನೋಡಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಜನ ಚೇತರಿಸಿಕೊಂಡಿದ್ದರು. ಮೊದಲು ದೇಹಕ್ಕೆ ಅನ್ನ, ಯಾಕಂದ್ರೆ ಹಸಿದ ಮಿದುಳಿಗೆ ಬುದ್ಧಿಮಾತು ಹತ್ತಲ್ಲ. ಜೊತೆಗೆ ಒಳಗಿನ ಕನ್ನಡಿಯನ್ನು ಸರಿಮಾಡೋ ಮಾತಿನ ಚಿಕಿತ್ಸೆ. ಖಿನ್ನತೆ ಇದ್ದರೆ ಅದಕ್ಕೆ ಔಷಧ.

ಈ ಸಲದ ಎಳ್ಳಮಾವಾಸ್ಯೆಗೂ ಹೋಗಿದ್ದೆ. ತಂಗಿ ಬಂದಿದ್ದಳು. ಪೂರ್ತಿ ಗುಣ ಆಗಿದ್ದಾಳೆ ಅಂತ ಸುಳ್ಳು ಹೇಳಲ್ಲ. ಕೆಲವು ದಿನ ಚೆನ್ನಾಗಿರುತ್ತೆ, ಕೆಲವು ದಿನ ಇರಲ್ಲ. ಒಂದು ರೊಟ್ಟಿ ಉಂಡಳು. ಚಿಗವ್ವ ಇನ್ನೊಂದು ಹಾಕೋಕೆ ಕೈ ಎತ್ತಿದವರು, ಸುಮ್ಮನೆ ಬುಟ್ಟಿಗೆ ಇಟ್ಟರು. ನಾನು ಅವಳ ಮೈ ಬಗ್ಗೆ ಒಂದೂ ಮಾತಾಡಲಿಲ್ಲ. "ಸಾಲಿ ಹ್ಯಾಂಗ ನಡದದ?" ಅಂದೆ. ಅವಳು ಶುರು ಮಾಡಿದವಳು, ಹುಡುಗರ ಕಿತಾಪತಿ ಹೇಳ್ತಾ ಹೇಳ್ತಾ, ತಾಟಿನಲ್ಲಿ ಉಳಿದಿದ್ದ ಅರ್ಧ ಶೇಂಗಾ ಹೋಳಿಗೆಯನ್ನೂ ಮುಗಿಸಿದಳು. ತಾನು ಉಂಡದ್ದು ಅವಳಿಗೇ ಗೊತ್ತಿರಲಿಲ್ಲ.

ಇವತ್ತು ಮನೆಗೆ ಹೋದ ಮೇಲೆ, ಎದುರಿಗೆ ಬಂದವರಿಗೆ ದಪ್ಪ ಆಗೀಯಾ, ಸಣ್ಣ ಆಗೀಯಾ ಅನ್ನೋ ಬದಲು ಹೇಗಿದ್ದೀಯಾ ಅಂತ ಕೇಳಿ. ಉತ್ತರ ಬರೋವರೆಗೂ ನಿಲ್ಲಿ.